ಕಲ್ಲಾಫೀಸಿನಲ್ಲಿ ರಾಜಪಾರ್ಟ್ ಲಗ್ನ

ಮಧುಗಿರಿಯ ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಕಾಡಸಿದ್ದಪ್ಪ ಬಹಳ ಓದಿಕೊಂಡವನು. ಆದರೆ ಅವನು ಓದಿದ್ದೆಲ್ಲ ಅರ್ಧ. ಪೊಟ್ಟಣ ಕಟ್ಟಲು ತರಿಸುತ್ತಿದ್ದ ಹಳೇ ಪೇಪರು, ವಾರಪತ್ರಿಕೆಗಳೇ ಅವನ ಗ್ರಂಥಭಂಡಾರ. ಬೆಲ್ಲ ತೂಗುವಾಗ ಒಂದು ಹಾಳೆ ಕೈಗೆ ಬಂತು, ಕಣ್ಣಾಡಿಸಿದ, ಅಷ್ಟರಲ್ಲಿ ಗಿರಾಕಿ ಅವಸರ ಮಾಡಿದ, ಮಿಕ್ಕ ಸಂಗತಿ ಹುರಿಗಡಲೆಯ ಜೊತೆ ಗಿರಾಕಿಯ ಮನೆಗೆ ಹೋಯಿತು. ಹೀಗಾಗಿ ಕಾಮಾಲೆಗೆ ಒಂದು ಬೇರು ರಾಮಬಾಣ ಎಂದು ಅವನಿಗೆ ಗೊತ್ತಿತ್ತು, ಯಾವ ಬೇರು ಎಂಬುದು ಗೊತ್ತಿರಲಿಲ್ಲ. ಯಾವುದೋ ಸಮುದ್ರದಲ್ಲಿ ಹಡಗು ಮುಳುಗಿದ್ದು ಗೊತ್ತಿತ್ತು, ಜನ ಉಳಿದರೋ ಇಲ್ಲವೋ ಎಂಬ ಕೊರಗು ವರ್ಷಗಟ್ಟಲೆ ಹಾಗೇ ಉಳಿದಿತ್ತು. ಅರ್ಧ ತಿಳಿದವನಿಗಿರುವ ಧೈರ್ಯ ಪೂರ್ತಿ ತಿಳಿದವನಿಗೆ ಎಲ್ಲಿಂದ ಬರಬೇಕು?

ಸಂಜೆ ಹೊತ್ತು ಮಗಳು ಸರ್ವಮಂಗಳೆ ಅಂಗಡಿಯ ಹಿಂಬದಿಯಲ್ಲಿ ಕೂತು ಗೋಂದು ಹಚ್ಚಿ ಪೊಟ್ಟಣ ಮಾಡುತ್ತಿದ್ದಳು. ಮಡಿಸುವ ಮುಂಚೆ ಸ್ವಾರಸ್ಯದ್ದು ಸಿಕ್ಕಿದರೆ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಎಮರ್ಜೆನ್ಸಿ ಮುಗಿದ ಮರುವರ್ಷ, ಅವಳ ಲಗ್ನ ನಿಶ್ಚಯವಾದ ಹೊಸದರಲ್ಲಿ, ಹಾಗೆ ಓದುವಾಗಲೇ ಆ ಹಾಳೆ ಸಿಕ್ಕಿದ್ದು. ದೂರದ ಯಾವುದೋ ದೇಶದಲ್ಲಿ, ನೀರಿನ ದಂಡೆಯ ಮೇಲಿದ್ದ ವಸ್ತುಸಂಗ್ರಹಾಲಯದಲ್ಲಿ ಮದುವೆ. ಗಂಡು, ಹೆಣ್ಣು, ಬೀಗರು, ಕಡೆಗೆ ಊಟ ಬಡಿಸುವವರು ಕೂಡ ಹಿಂದಿನ ಕಾಲದ ರಾಜರಾಣಿಯರ ಉಡುಪಿನಲ್ಲಿ ನಿಂತ ಫೋಟೋ. ಕೆಳಗೆ, ‘ಇಂಥ ಮದುವೆ ಮಾಡುವವರು ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದದ್ದೇನೆಂದರೆ’ ಎಂಬಲ್ಲಿಗೆ ಹಾಳೆ ಹರಿದಿತ್ತು.

ಅಷ್ಟು ಸಾಕಾಯಿತು. ಎದುರು ಸಾಲಿನ ಬಟ್ಟೆ ಅಂಗಡಿಯವನು ಹಿಂದಿನ ಬೇಸಿಗೆಯಲ್ಲಿ ಮಗನ ಮದುವೆಗೆ ಆರ್ಕೆಸ್ಟ್ರಾ ತರಿಸಿದಾಗಿನಿಂದ ಕಾಡಸಿದ್ದಪ್ಪನಿಗೆ ಅನ್ನ ಸರಿಯಾಗಿ ಇಳಿಯುತ್ತಿರಲಿಲ್ಲ. ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿ, ತಾವೂ ಹೀಗೇ ಮಾಡುವುದಾಗಿಯೂ ತಮ್ಮ ವಂಶದವರು ಪಾಳೇಗಾರರ ಕಾಲದಲ್ಲಿ ಕೋಟೆಗೆ ದಿನಸಿ ಹಾಕುತ್ತಿದ್ದಿರಲೇಬೇಕೆಂದೂ ಹೆಂಡತಿಗೆ ತಿಳಿಸಿದ. ಕಮಲಾಕ್ಷಮ್ಮ ರಾಗಿ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಲಿಲ್ಲ.

“ದಿನಸಿ ಹಾಕೋನು ದಿನಸಿಯೋನೇ ಕಣ್ರೀ. ಕಿರೀಟ ಇಟ್ಕೊಂಡು ಕೊತ್ತಂಬರಿ ಬೀಜ ಮಾರಿದ ರಾಜ ಯಾವೋನಿದ್ದ?”

ಹೆಂಡತಿಯ ಮಾತನ್ನು ಕೇಳುವ ಗಂಡಸರ ಕಥೆಗಳನ್ನು ಯಾರೂ ಬರೆಯುವುದಿಲ್ಲ. ಕಾಡಸಿದ್ದಪ್ಪ ಕೇಳಲಿಲ್ಲ.

ಮಧುಗಿರಿಯಲ್ಲೂ ಕೆರೆ ಏರಿಯ ಮೇಲೆ ಸರ್ಕಾರದ ಒಂದು ಸಣ್ಣ ವಸ್ತುಸಂಗ್ರಹಾಲಯವಿತ್ತು. ಸುತ್ತಮುತ್ತಲ ಹಳ್ಳಿಗಳಿಂದ ತಂದ ವೀರಗಲ್ಲು, ಶಾಸನದ ಕಲ್ಲು, ಮೂಗು ಮುರಿದ ಬಸವ, ಇವೇ ತುಂಬಿದ್ದರಿಂದ ಊರವರು ಅದನ್ನು ಕಲ್ಲಾಫೀಸು ಎನ್ನುತ್ತಿದ್ದರು. ಅದರ ಕಾವಲುಗಾರ ಚೌಡಯ್ಯ ಪ್ರತಿ ದಿನ ಬಾಗಿಲು ತೆರೆದು, ಕಲ್ಲುಗಳ ಧೂಳು ಒರೆಸಿ, ನೋಡಲು ಬರುವವರಿಗಾಗಿ ಕಾಯುತ್ತಿದ್ದ. ಬರುತ್ತಿದ್ದವು ಮೇಕೆಗಳು. ಕಾಡಸಿದ್ದಪ್ಪ ವಿಷಯ ಎತ್ತಿದಾಗ ಚೌಡಯ್ಯನ ಕಣ್ಣಲ್ಲಿ ನೀರೇ ಬಂತು. ಮೇಲಿನವರಿಗೆ ಬರೆದು ಕೇಳಿದರೆ ಮೊಮ್ಮಗಳ ಮದುವೆಯ ಹೊತ್ತಿಗೆ ಉತ್ತರ ಬಂದೀತೆಂದೂ, ಅಂಗಳದಲ್ಲಿ ಲಗ್ನ ನಡೆಸಲು ತನ್ನ ಅಡ್ಡಿಯಿಲ್ಲವೆಂದೂ ಹೇಳಿ ಒಂದೇ ಕರಾರು ಹಾಕಿದ: ಬಂದ ನೆಂಟರೆಲ್ಲ ಊಟಕ್ಕೆ ಮುಂಚೆ ಒಂದು ಸುತ್ತು ಕಲ್ಲು ನೋಡಬೇಕು.

ಇನ್ನು ಬೀಗರ ವಿಷಯ. ಗಂಡು ಪಂಚಾಕ್ಷರಿ ಮಧುಗಿರಿಯ ಕರೆಂಟ್ ಆಫೀಸಿನಲ್ಲಿ ಮೀಟರ್ ನೋಡುವ ಕೆಲಸದವನು, ತೋವಿನಕೆರೆಯವನು, ಬಾಯಿಲ್ಲದ ಸಾಧು. ಸರ್ವಮಂಗಳೆಗೆ ಎಷ್ಟೋ ಕಡೆ ತಪ್ಪಿ ಕೊನೆಗೆ ಕೂಡಿಬಂದ ಸಂಬಂಧ ಅದು. ಆ ಹುಡುಗನನ್ನು ಅವಳು ಒಪ್ಪಿದ್ದಳು, ಒಪ್ಪಿ ನಾಚಿದ್ದೂ ಆಗಿತ್ತು. ಇದು ಮುರಿದರೆ ಮುಂದೇನು ಎಂದು ಯೋಚಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹುಡುಗನ ತಾಯಿ ದಾಕ್ಷಾಯಣಮ್ಮ ಒಂದು ಗೆರೆ ಎಳೆದರೆ ಊರೇ ಆಚೆ ನಿಲ್ಲಬೇಕು, ಅಂಥ ಹೆಂಗಸು. ತಂದೆ ಮುದ್ದಪ್ಪ ಅವಳ ಮಾತು ಮೀರುತ್ತಿದ್ದುದು ಒಂದೇ ವಿಷಯದಲ್ಲಿ, ಅದು ನಾಟಕ. ಪ್ರತಿ ಬೇಸಿಗೆ ಊರವರು ಆಡುವ ಸ್ವಯಂವರದ ನಾಟಕದಲ್ಲಿ ರಾಜಪಾರ್ಟು ಅವನದೇ. ಹಿಂದೂಪುರದ ಕಡೆಯಿಂದ ರತ್ನಮಾಲಾ ಎಂಬ ನಟಿಯನ್ನು ಕರೆಸುತ್ತಿದ್ದರು. ಕಡೆಯ ಸೀನಿನಲ್ಲಿ ಮುದ್ದಪ್ಪ ಅವಳಿಗೆ ತಾಳಿ ಕಟ್ಟುತ್ತಿದ್ದ. ದಾಕ್ಷಾಯಣಮ್ಮ ಮುಂದಿನ ಸಾಲಿನಲ್ಲಿ ಕೂತು, ತುಟಿ ಬಿಚ್ಚದೆ ನೋಡಿ, ಎದ್ದು ಮನೆಗೆ ಹೋಗುತ್ತಿದ್ದಳು. ಆ ಮೌನಕ್ಕೆ ಏನರ್ಥವೆಂದು ಮುದ್ದಪ್ಪ ಒಂದು ದಿನವೂ ಯೋಚಿಸಿದವನಲ್ಲ.

ಉಡುಪಿಗಾಗಿ ಕಾಡಸಿದ್ದಪ್ಪ ಪಾವಗಡಕ್ಕೆ ಹೋದ. ಅಲ್ಲಿ ದೊಡ್ಡರಂಗಪ್ಪನ ಡ್ರೆಸ್ ಸೀನರಿ ಅಂಗಡಿ. ನಾಲ್ಕು ತಾಲ್ಲೂಕಿನ ನಾಟಕಗಳಿಗೆ ಕಿರೀಟ, ಭುಜಕೀರ್ತಿ, ಅರಮನೆಯ ಪರದೆ, ಎಲ್ಲ ಅಲ್ಲಿಂದಲೇ. ತನಗೆ ಬೇಕಾಗಿರುವುದು ಚರಿತ್ರೆಯ ಉಡುಪು, ಪುರಾಣದ್ದಲ್ಲ ಎಂದು ಕಾಡಸಿದ್ದಪ್ಪ ಗಂಭೀರವಾಗಿ ವಿವರಿಸಿದ. ದೊಡ್ಡರಂಗಪ್ಪ ಅವನಿಗಿಂತ ಗಂಭೀರನಾಗಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ.

“ಡ್ರೆಸ್ಸು ಒಕ್ಕಟೇ ಸಾಮಿ. ಕೈಗೆ ಗದೆ ಕೊಟ್ರೆ ಪುರಾಣಂ, ಕತ್ತಿ ಕೊಟ್ರೆ ಚರಿತ್ರ. ಅಂತೇ.”

ಈ ಮಾತಿಗೆ ಎದುರು ಹೇಳಲು ಕಾಡಸಿದ್ದಪ್ಪನ ಅರ್ಧ ಹಾಳೆಯಲ್ಲಿ ಏನೂ ಇರಲಿಲ್ಲ. ರಾಜನ ಡ್ರೆಸ್ಸು ತನಗೆ, ರಾಜಕುಮಾರನದು ಅಳಿಯನಿಗೆ, ರಾಜಕುಮಾರಿಯದು ಮಗಳಿಗೆ ಎಂದು ಗೊತ್ತುಮಾಡಿದ. ಬಣ್ಣದ ಮೇಷ್ಟ್ರು, ಹಾರ್ಮೋನಿಯಂ ಮೇಷ್ಟ್ರು, ಪರದೆ ಎಳೆಯಲು ಖುದ್ದು ದೊಡ್ಡರಂಗಪ್ಪ, ಇವು ಡ್ರೆಸ್ಸಿನ ಜೊತೆಗೇ ಬರುವ ಸಾಮಾನುಗಳಂತೆ. ಬೇಡವೆಂದರೂ ಬರುತ್ತವೆ. ಹಾಗೆಯೇ ಜೊತೆಗೆ ಬರುವ ಇನ್ನೊಂದು ವಾಡಿಕೆಯನ್ನು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಡ್ರೆಸ್ಸು ಯಾವ ಊರಿಗೆ ಹೋದರೂ ಹಿಂದಿನ ದಿನ ಅಲ್ಲಿ ಜಟಕಾದ ಮೇಲೆ ಮೈಕು ಕೂಗಿಸುವುದು ಅಂಗಡಿಯ ಪದ್ಧತಿ.

ಲಗ್ನದ ಹಿಂದಿನ ದಿನ ಮಧುಗಿರಿಯ ಬೀದಿ ಬೀದಿಯಲ್ಲಿ ಜಟಕಾ ಓಡಾಡಿತು. ನಾಳೆ ಬೆಳಿಗ್ಗೆ ಕೆರೆ ಏರಿಯ ಕಲ್ಲಾಫೀಸಿನ ಅಂಗಳದಲ್ಲಿ ಸರ್ವಮಂಗಳಾ ಪರಿಣಯ, ಭವ್ಯವಾದ ಡ್ರೆಸ್ಸು ಸೀನರಿಗಳೊಂದಿಗೆ, ಹೆಂಗಸರಿಗೆ ಪ್ರತ್ಯೇಕ ಸ್ಥಳಾವಕಾಶವಿದೆ, ಬನ್ನಿರಿ, ನೋಡಿರಿ, ಆನಂದಿಸಿರಿ. ಅಡಿಗೆಯವರ ಹತ್ತಿರ ಕುಂಬಳಕಾಯಿ ಲೆಕ್ಕ ಹಾಕುತ್ತಿದ್ದ ಕಾಡಸಿದ್ದಪ್ಪ ಅದನ್ನು ಕೇಳಿ, ಆಮಂತ್ರಣವನ್ನು ಇಷ್ಟು ಚೆನ್ನಾಗಿ ತಾನು ಅಚ್ಚು ಹಾಕಿಸಲಿಲ್ಲವಲ್ಲ ಎಂದು ಮಾತ್ರ ಪೇಚಾಡಿಕೊಂಡ.

ಬೆಳಗಾಯಿತು. ಸೂರ್ಯ ಏಳುವುದಕ್ಕೆ ಮೊದಲೇ ಜನ ಎದ್ದಿದ್ದರು. ಹಗಲು ನಾಟಕವೆಂಬ ಅದ್ಭುತವನ್ನು ನೋಡಲು ಚಾಪೆ, ಕಂಬಳಿ, ಹುರಿದ ಕಡಲೆಕಾಯಿ, ಮಲಗಿದ್ದ ಕೂಸುಗಳ ಸಮೇತ ಹೊರಟ ಸಂಸಾರಗಳು ಏರಿಯ ಮೇಲೆ ಸಾಲುಗಟ್ಟಿದವು. ನೆಂಟರು ಬರುವ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಣ್ಣಿನ ಸೋದರಮಾವ ಮುಂದೆ ಬರಲು ನೋಡಿದರೆ, ತಡವಾಗಿ ಬಂದವರು ಹಿಂದೆ ಕೂರಬೇಕೆಂದು ಜನ ಅವನಿಗೆ ನ್ಯಾಯ ಹೇಳಿದರು. ಚೌಡಯ್ಯನೊಬ್ಬ ಸ್ವರ್ಗದಲ್ಲಿದ್ದ. ಒಂದೊಂದು ಚಾಪೆಯ ಹತ್ತಿರವೂ ಹೋಗಿ, ನೀವು ಒರಗಿರುವ ಕಲ್ಲು ದನ ಕಾಯಲು ಹೋಗಿ ಸತ್ತ ವೀರನದು ಎಂದು ತಿಳಿಸುತ್ತಿದ್ದ. ಅವರು ಅವನಿಗೆ ಕಡಲೆಕಾಯಿ ಕೊಡುತ್ತಿದ್ದರು.

ಅಷ್ಟರಲ್ಲಿ ಸೈಕಲ್ ತಳ್ಳಿಕೊಂಡು ಪೊಲೀಸ್ ದಫೇದಾರ್ ಖಲಂದರ್ ಸಾಬರು ಬಂದರು. ಶಿರಾದ ಕಡೆಯವರು, ಮೃದು ಮನುಷ್ಯ, ಆದರೆ ಕಾನೂನು ಕಾನೂನೇ. ನಾಟಕಕ್ಕೆ ಲೈಸೆನ್ಸ್ ಬೇಕು, ಮದುವೆಗೆ ಬೇಡ. ಇಲ್ಲಿ ನಡೆಯುತ್ತಿರುವುದು ಯಾವುದು ಎಂದು ಅವರು ಕೇಳಿದರು. ಮುಖಕ್ಕೆ ಬಿಳಿ ಬಣ್ಣ, ಕೆನ್ನೆಗೆ ಕೆಂಪು, ಅಂಟಿಸಿದ ಗಿರಿಜಾ ಮೀಸೆ, ತಲೆಯ ಮೇಲೆ ಬೇಗಡೆಯ ಕಿರೀಟ, ಇಷ್ಟನ್ನೂ ಹೊತ್ತುಕೊಂಡು ನಿಂತಿದ್ದ ಕಾಡಸಿದ್ದಪ್ಪ, ಮದುವೆ ಸ್ವಾಮಿ ಎಂದ. ಸರಿಯಾಗಿ ಆಗಲೇ ಹಾರ್ಮೋನಿಯಂ ಶುರುವಾಯಿತು. ಖಲಂದರ್ ಸಾಬರು ಕಿರೀಟವನ್ನು ನೋಡಿದರು, ಅರಮನೆಯ ಪರದೆಯನ್ನು ನೋಡಿದರು.

“ಅರೆ ಭಾಯ್, ನಂಗೂ ಮೂರು ಹೆಣ್ಮಕ್ಕಳ ಶಾದಿ ಆಗೈತೆ. ಇಂಗೆ ಇರಲಿಲ್ಲ. ಕೂತ್ಕೊಂಡು ನೋಡಿ ಫೈಸಲಾ ಮಾಡ್ತೀನಿ.”

ಮುಂದಿನ ಸಾಲಿನವರು ಕೂಡಲೇ ಜರುಗಿ ಚಾಪೆಯ ಮೇಲೆ ಅವರಿಗೆ ಜಾಗ ಕೊಟ್ಟರು.

ಬೀಗರ ಬಸ್ಸು ಬಂತು. ಮುದ್ದಪ್ಪ ಇಳಿದವನು ಮೊದಲು ಜನವನ್ನು ನೋಡಿದ, ಆಮೇಲೆ ಪರದೆಯನ್ನು ನೋಡಿದ, ಆಮೇಲೆ ಪೆಟ್ಟಿಗೆಯ ಮೇಲೆ ಗಂಡಿಗೆಂದು ಮಡಿಸಿಟ್ಟಿದ್ದ ರಾಜಕುಮಾರನ ಡ್ರೆಸ್ಸನ್ನು ನೋಡಿದ. ಅಲ್ಲಿಂದಾಚೆ ಅವನು ಮನುಷ್ಯನಾಗಿ ಉಳಿಯಲಿಲ್ಲ. ಇಷ್ಟು ಜನ ಕೂತಿರುವಾಗ ತಾನು ಪಂಚೆ ಉಟ್ಟು ಮೂಲೆಯಲ್ಲಿ ನಿಂತರೆ ತೋವಿನಕೆರೆಯ ಮಾನ ಏನಾದೀತೆಂದು ಕೇಳಿ, ಉತ್ತರಕ್ಕೆ ಕಾಯದೆ ಡ್ರೆಸ್ಸು ತೊಟ್ಟೇಬಿಟ್ಟ. ಗಂಡಿನ ತಂದೆಗೆ ಇಲ್ಲವೆನ್ನುವುದುಂಟೆ? ಪೆಟ್ಟಿಗೆಯಲ್ಲಿ ಉಳಿದದ್ದು ದೂತನ ಡ್ರೆಸ್ಸೊಂದೇ. ಪಾಪದ ಪಂಚಾಕ್ಷರಿ ಅದನ್ನೇ ತೊಟ್ಟು, ಈಟಿ ಹಿಡಿದು ಬಂದ.

ಮುದ್ದಪ್ಪ ಪರದೆಯ ಹಿಂದಿನಿಂದ ಹಾಡುತ್ತಲೇ ಪ್ರವೇಶ ಮಾಡಿದ. ಜನ ಒನ್ಸ್ ಮೋರ್ ಎಂದರು. ಮತ್ತೆ ಹಾಡಿದ. ಪುರೋಹಿತರಾದ ಚನ್ನಮಲ್ಲಯ್ಯ ಅಯ್ಯನವರು ನೆತ್ತಿಯ ಕಡೆ ಏರುತ್ತಿದ್ದ ಸೂರ್ಯನನ್ನು ನೋಡಿ ಕೆಮ್ಮಿದರು. ಜನ ಅವರ ಕೆಮ್ಮನ್ನು ಋಷಿಯ ಪಾತ್ರದ ಹಾಸ್ಯವೆಂದು ತಿಳಿದು ನಕ್ಕರು. ಕೊನೆಗೆ ಕಮಲಾಕ್ಷಮ್ಮನೇ ಬಂದು, ಮುಹೂರ್ತ ಮೀರಿದರೆ ಪಾಯಸದ ಕೊಳಗವನ್ನು ಕೆರೆಗೆ ಸುರಿಯುವುದಾಗಿ ಗಂಡನ ಕಿವಿಯಲ್ಲಿ ಹೇಳಿದ ಮೇಲೆ ಗಂಡು ಹೆಣ್ಣು ಹಸೆಮಣೆಯ ಮೇಲೆ ಕೂತರು.

ಜನಕ್ಕೆ ಇದು ಒಪ್ಪಿಗೆಯಾಗಲಿಲ್ಲ. ಇಬ್ಬಿಬ್ಬರು ರಾಜರು ನಿಂತಿರುವಾಗ ರಾಜಕುಮಾರಿಯ ಪಕ್ಕ ದೂತ ಯಾಕೆ ಕೂತ ಎಂದು ಗಲಾಟೆಯೆದ್ದಿತು. ಕಥೆಯನ್ನು ಕೆಡಿಸಿದ್ದೀರೆಂದು ಹಿರಿಯರೊಬ್ಬರು ಎದ್ದು ನಿಂತು ಆಕ್ಷೇಪಿಸಿದರು. ದೂತನಿಗೆ ಹೆಣ್ಣು ಕೊಡಬಾರದೆಂದು ಕಾನೂನಿಲ್ಲ ಎಂದು ಖಲಂದರ್ ಸಾಬರು ಸಮಾಧಾನ ಹೇಳಬೇಕಾಯಿತು. ಓಲಗದವರು ಗಟ್ಟಿಮೇಳ ಊದಿದರು. ಪಂಚಾಕ್ಷರಿ ಈಟಿ ಪಕ್ಕಕ್ಕಿಟ್ಟು, ತಾಳಿ ಎತ್ತಿ ಒಂದು ಗಂಟು ಹಾಕಿದ.

ಹಾಕಿದ್ದೇ ತಡ, ದೊಡ್ಡರಂಗಪ್ಪನ ಕೈ ಹಗ್ಗ ಬಿಟ್ಟಿತು. ಅವನ ತಪ್ಪೇನಲ್ಲ. ತಾಳಿ ಬಿತ್ತೆಂದರೆ ಪರದೆ ಬೀಳಬೇಕು. ಹುಟ್ಟಿದಾಗಿನಿಂದ ಕಲಿತ ಕೈ ಅದು. ಇಡೀ ಅರಮನೆ ಗಂಡು ಹೆಣ್ಣು ಅಯ್ಯನವರ ಮೇಲೆ ಇಳಿಯಿತು. ಹಾರ್ಮೋನಿಯಂ ಮೇಷ್ಟ್ರು ಮಂಗಳ ಬಾರಿಸಿದ. ಜನ ಎದ್ದು ನಿಂತು, ಒನ್ಸ್ ಮೋರ್ ಎಂದು ಕೆರೆಯ ಕೊಕ್ಕರೆಗಳೆಲ್ಲ ಹಾರಿಹೋಗುವಂತೆ ಕೂಗಿದರು.

ಪರದೆ ಎತ್ತಿದಾಗ ಮುಂದೆ ದಾಕ್ಷಾಯಣಮ್ಮ ನಿಂತಿದ್ದಳು. ಅವಳ ಮುಖ ನೋಡಿ ಹಾರ್ಮೋನಿಯಂ ಕೂಡ ತಾನಾಗಿ ನಿಂತಿತು.

“ಇದು ಲಗ್ನ ಅಲ್ಲ. ಬಣ್ಣ ಬಳ್ಕೊಂಡು ಕಟ್ಟಿದ್ದು ತಾಳಿ ಆಗಕಿಲ್ಲ. ಈ ಹುಡುಗೀನ ನಾನು ಮನೆ ತುಂಬಿಸ್ಕೊಳ್ಳಕಿಲ್ಲ.”

ಮಂತ್ರ ಹೇಳಿದ್ದೇವೆ, ಅಕ್ಷತೆ ಬಿದ್ದಿದೆ, ಲಗ್ನವಾಯಿತಮ್ಮ ಎಂದು ಚನ್ನಮಲ್ಲಯ್ಯನವರು ತಲೆಯ ಮೇಲಿನ ಪರದೆಯ ದಾರ ಬಿಡಿಸಿಕೊಳ್ಳುತ್ತ ಹೇಳಿದರು. ದಾಕ್ಷಾಯಣಮ್ಮ ಅದಕ್ಕೇ ಕಾಯುತ್ತಿದ್ದವಳಂತೆ ತಿರುಗಿದಳು.

“ಅಂಗಾರೆ ಅಯ್ನೋರೆ, ನಮ್ಮೂರ್ನಾಗೆ ವರ್ಸಾ ವರ್ಸಾ ಇವ್ರು ಆ ರತ್ನಮಾಲಂಗೆ ಕಟ್ತಾರಲ್ಲ, ಅಲ್ಲೂ ಮಂತ್ರ ಐತೆ, ಅಲ್ಲೂ ಅಕ್ಷತೆ ಐತೆ. ಇದು ಲಗ್ನ ಆದ್ರೆ ಅದೂ ಲಗ್ನ. ಅದು ನಾಟ್ಕ ಆದ್ರೆ ಇದೂ ನಾಟ್ಕ. ಯಾವ್ದು ಅಂತ ಯೋಳ್ಬುಡಿ.”

ಲಗ್ನವೆಂದರೆ ಮುದ್ದಪ್ಪನಿಗೆ ವರ್ಷಕ್ಕೊಂದು ಮದುವೆ. ನಾಟಕವೆಂದರೆ ಸರ್ವಮಂಗಳೆ ಕೊರಳಲ್ಲಿ ತಾಳಿ ಇಟ್ಟುಕೊಂಡು ಕನ್ನೆಯಾಗಿಯೇ ಮನೆಗೆ ಹೋಗಬೇಕು. ತನಗೂ ಇದೇ ತಿಳಿಯಬೇಕಾಗಿತ್ತೆಂದು ಖಲಂದರ್ ಸಾಬರು ಚಾಪೆಯಿಂದ ಎದ್ದರು. ಚನ್ನಮಲ್ಲಯ್ಯನವರು ನಾಲ್ಕು ಮಂದಿಗೆ ಪಾಠ ಹೇಳಿದವರು, ಅವರೂ ಬಿಡಿಸಿಕೊಂಡಾಗಿದ್ದ ದಾರವನ್ನೇ ಮತ್ತೆ ಬಿಡಿಸತೊಡಗಿದರು. ಮುದ್ದಪ್ಪ ಕತ್ತಿ ಹಿಡಿದುಕೊಂಡೇ ಕಂಬದ ಹಿಂದೆ ಸರಿದ.

ಕಾಡಸಿದ್ದಪ್ಪ ಮಗಳನ್ನು ನೋಡಿದ. ಬೇಗಡೆಯ ಒಡವೆಗಳ ನಡುವೆ ಅವಳು ತಲೆ ತಗ್ಗಿಸಿ, ಒಂದು ಕೈಯಿಂದ ಕತ್ತಿನ ಹಿಂದಿನ ದಾರವನ್ನು ಹಿಡಿದು ಕೂತಿದ್ದಳು. ಬಿಟ್ಟರೆ ಜಾರೀತೆಂಬ ಹಾಗೆ ಹಿಡಿದಿದ್ದಳು. ಕಿರೀಟ ತೆಗೆದು ನೆಲಕ್ಕಿಟ್ಟು, ದಾಕ್ಷಾಯಣಮ್ಮನ ಮುಂದೆ ಕೈ ಮುಗಿದ.

“ತಪ್ಪು ನಂದು ತಾಯಿ. ವೇಷದ ಹುಚ್ಚು ನಂದು. ನನ್ನ ಮಗೀಗೆ ಶಿಕ್ಷೆ ಕೊಡಬ್ಯಾಡಿ.”

ದಾಕ್ಷಾಯಣಮ್ಮ ಕರಗಿದಳು, ಆದರೆ ಪ್ರಶ್ನೆ ಕರಗಲಿಲ್ಲ. ಆಗ ಹಸೆಮಣೆಯಿಂದ ಸಣ್ಣ ದನಿ ಬಂತು.

“ಅತ್ತೆಮ್ಮ, ಇನ್ನೂ ಒಂದೇ ಗಂಟು ಬಿದ್ದಿರಾದು. ಮೂರು ಆಗಿಲ್ಲ. ಪರದೆ ಬಿದ್ಬುಡ್ತು.”

ಮದುವೆಯೆಂದರೆ ಮೂರು ಗಂಟು ಎಂಬುದು ಎಳೆಮಕ್ಕಳಿಗೂ ಗೊತ್ತು. ದಾಕ್ಷಾಯಣಮ್ಮ ಬಗ್ಗಿ ಸೊಸೆಯ ಕತ್ತಿನ ಹಿಂದಿನ ಗಂಟು ಎಣಿಸಿದಳು. ಆಮೇಲೆ ನಿಧಾನವಾಗಿ ಕಂಬದ ಕಡೆ ತಿರುಗಿದಳು. ಆ ರತ್ನಮಾಲೆಗೆ ಎಷ್ಟು ಗಂಟು ಹಾಕುತ್ತಿದ್ದಿರಿ ಎಂದು ಗಂಡನನ್ನು ಕೇಳಿದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿ ಮುದ್ದಪ್ಪ ಇನ್ನೂ ಹೆದರಿದ.

“ಒಂದೇ ಕಣೇ. ಒಂದ್ ಗಂಟ್ ಬೀಳ್ತಿದ್ದಂಗೇ ಪರದೆ ಬುಡ್ತಾರೆ. ಎರಡ್ನೇದು ಯಾವತ್ತೂ ಹಾಕಿದ್ದೇ ಇಲ್ಲ.”

ತೋವಿನಕೆರೆಯಲ್ಲೂ ಪರದೆ ಬಿಡುತ್ತಿದ್ದವನು ತಾನೇ ಎಂದು ದೊಡ್ಡರಂಗಪ್ಪ ನೆಲದ ಮೇಲಿದ್ದ ಕಿರೀಟ ಮುಟ್ಟಿ ಆಣೆಮಾಡಿದ. ನಿಜಂ ಅಮ್ಮಾ, ನಿಜಂ ಎಂದ. ದಾಕ್ಷಾಯಣಮ್ಮ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ಇಷ್ಟು ವರ್ಷ ಈ ಮಾತು ಯಾಕೆ ಹೇಳಲಿಲ್ಲ ಎಂದಳು. ನೀನು ಕೇಳಲಿಲ್ಲವಲ್ಲ ಎಂದ ಮುದ್ದಪ್ಪ. ಇಷ್ಟು ವರ್ಷ ಎದೆಯ ಮೇಲಿಟ್ಟುಕೊಂಡ ಒಂದು ಕಲ್ಲನ್ನು ಆ ಹೆಂಗಸು ಅವತ್ತು ಕಲ್ಲಾಫೀಸಿನಲ್ಲಿ ಇಳಿಸಿದಳು. ಅಲ್ಲಿಗೆ ಸೇರಿದ ಕಲ್ಲುಗಳಲ್ಲಿ ಅದರಷ್ಟು ಭಾರದ್ದು ಬೇರೊಂದಿರಲಿಲ್ಲ.

ಇಳಿಸಿದ ಮರುಗಳಿಗೆಯೇ ಹಳೆಯ ದಾಕ್ಷಾಯಣಮ್ಮ ವಾಪಸು ಬಂದಳು. ಮೊದಲ ಗಂಟು ನಾಟಕದ್ದಾಯಿತು, ಮಿಕ್ಕ ಎರಡು ಸಂಸಾರದ್ದು, ಬಣ್ಣ ಬಳಿದುಕೊಂಡವರೆಲ್ಲ ಕೆರೆಗೆ ನಡೆಯಿರಿ ಎಂದು ಅಪ್ಪಣೆಯಾಯಿತು. ಮುಹೂರ್ತ ಮುಗಿಯಲು ಇನ್ನು ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು. ಇಬ್ಬರು ರಾಜರು, ದೂತ, ರಾಜಕುಮಾರಿ ನಾಲ್ವರೂ ಏರಿಯ ಕಲ್ಲು ಮೆಟ್ಟಿಲನ್ನು ದಡದಡ ಇಳಿದರು. ಹಿಂದೆ ಕೊಬ್ಬರಿ ಎಣ್ಣೆಯ ಸೀಸೆ ಹಿಡಿದು ಬಣ್ಣದ ಮೇಷ್ಟ್ರು, ಅವನ ಹಿಂದೆ ಊರಿಗೂರೇ. ದೂತನ ಬಣ್ಣ ಕರಗಿ ಒಳಗಿನಿಂದ ಮೀಟರ್ ನೋಡುವ ಪಂಚಾಕ್ಷರಿ ಈಚೆ ಬಂದಾಗ, ಇವನನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಮೊದಲ ಬಾರಿಗೆ ಜನಕ್ಕೆ ಅನ್ನಿಸಿತು. ನಮ್ಮ ಮನೆಯ ಕರೆಂಟ್ ಬಿಲ್ಲು ಬರೆಯುವ ಹುಡುಗ ಕಣ್ಲಾ ಎಂದು ಯಾರೋ ಅಂದರು. ಅಲ್ಲಿಗೆ ನಾಟಕ ಮುಗಿಯಿತು. ಕರೆಂಟ್ ಬಿಲ್ಲಿನವನನ್ನು ಯಾವ ನಾಟಕದಲ್ಲೂ ಹಾಕುವುದಿಲ್ಲ.

ಎರಡನೆಯ ಗಂಟು ಬಿತ್ತು, ಮೂರನೆಯದೂ ಬಿತ್ತು. ದೊಡ್ಡರಂಗಪ್ಪನ ಎರಡು ಕೈಗಳನ್ನೂ ಚೌಡಯ್ಯ ಭದ್ರವಾಗಿ ಹಿಡಿದುಕೊಂಡಿದ್ದ. ಈ ಸಲ ಯಾರೂ ಒನ್ಸ್ ಮೋರ್ ಎನ್ನಲಿಲ್ಲ. ಚಾಪೆಯ ಮೇಲಿನ ಹೆಂಗಸರು ತಂತಮ್ಮ ತಾಳಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಖಲಂದರ್ ಸಾಬರು ಅಕ್ಷತೆ ಹಾಕಿ, ಶಾದಿಯೇ ಎಂದು ಫೈಸಲಾ ಮಾಡಿ ಊಟಕ್ಕೆ ಕೂತರು. ಊರಿಗೆ ಊರೇ ಉಂಡಿತು. ಪಾಯಸ ಸಾಲದೆ ಬಂದು, ಕಮಲಾಕ್ಷಮ್ಮ ಅಂಗಡಿಯ ಬೆಲ್ಲವನ್ನೆಲ್ಲ ತರಿಸಿ ಪಾನಕ ಮಾಡಿಸಿದಳು. ಉಂಡವರೆಲ್ಲ ಮಾತಿನಂತೆ ಒಂದು ಸುತ್ತು ಕಲ್ಲು ನೋಡಿ ಹೋದರು.

ಕಾಡಸಿದ್ದಪ್ಪನ ಮೀಸೆ ಮಾತ್ರ ಬಿಡಲಿಲ್ಲ. ಯಾವ ಗೋಂದು ಹಾಕಿದ್ದರೋ, ಎಣ್ಣೆಗೂ ಜಗ್ಗಲಿಲ್ಲ. ಲಗ್ನದ ಫೋಟೋದಲ್ಲಿ ಎಲ್ಲರದೂ ತೊಳೆದ ಮುಖ, ಅವನೊಬ್ಬನದು ಗಿರಿಜಾ ಮೀಸೆ. ಆ ಮೀಸೆ ಇಟ್ಟುಕೊಂಡೇ ಅವನು ಮಗಳನ್ನು ಬೀಗರ ಬಸ್ಸು ಹತ್ತಿಸಿದ. ಅವಳು ಅಳುವುದನ್ನು ಬಿಟ್ಟು ಅಪ್ಪನ ಮುಖ ನೋಡಿ ನಕ್ಕಳು, ನಕ್ಕು ಮತ್ತೆ ಅತ್ತಳು.

ಮಾರನೆಯ ವಾರ ಅಂಗಡಿ ತೆರೆದಾಗ ವ್ಯಾಪಾರ ಬಹಳ ಜೋರಾಗಿತ್ತು. ಮುಂದಿನ ನಾಟಕ ಯಾವಾಗ ಎಂದು ವಿಚಾರಿಸಲು ಬಂದವರೇ ಹೆಚ್ಚು. ಬಟ್ಟೆ ಅಂಗಡಿಯವನು ಕೂಡ ರಸ್ತೆ ದಾಟಿ ಬಂದು, ಮಗನ ಮದುವೆಗೆ ಅಷ್ಟು ಜನ ಸೇರಿರಲಿಲ್ಲವೆಂದು ಒಪ್ಪಿಕೊಂಡು ಹೋದ. ಕಾಡಸಿದ್ದಪ್ಪನಿಗೆ ಕುಣಿದಾಡುವಷ್ಟು ಸಂತೋಷವಾಗಬೇಕಿತ್ತು. ಸಂಜೆ ಹೊತ್ತಿಗೆ ಪೊಟ್ಟಣಗಳು ಮುಗಿದುಹೋದವು. ಎರಡು ಪೊಟ್ಟಣ ಕೊಡವ್ವ ಎಂದು ಅವನು ಹಿಂಬದಿಗೆ ಕೈ ಚಾಚಿದ. ಕೈಗೆ ಏನೂ ಬರಲಿಲ್ಲ. ಗೋಂದಿನ ಬಟ್ಟಲು ಒಣಗಿತ್ತು.

ಮುಂದೆ ದಿನದ ಗಿರಾಕಿ ರಂಗಕ್ಕ ಬೆಲ್ಲಕ್ಕಾಗಿ ಕಾದು ನಿಂತಿದ್ದಳು. ಅವನು ಜೇಬು ತಡಕಿ, ಅಲ್ಲಿದ್ದ ಹಳೆಯ ಅರ್ಧ ಹಾಳೆಯನ್ನು ತೆಗೆದು ಬೆಲ್ಲ ಸುತ್ತತೊಡಗಿದ. ರಂಗಕ್ಕ ನಾಲ್ಕಕ್ಷರ ಕಲಿತವಳು. ಕತ್ತು ವಾರೆ ಮಾಡಿ ಹಾಳೆಯ ಕೆಳಗಿದ್ದುದನ್ನು ಅಕ್ಷರ ಕೂಡಿಸಿ ಓದಿದಳು. ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದದ್ದೇನೆಂದರೆ ಎಂಬಲ್ಲಿಗೆ ಬಂದು ನಿಂತಳು.

“ಏನಂತಣ್ಣ ಅದು? ಮುಂದ್ಲದು ಹರ್ದೋಗೈತಲ್ಲ.”

ಕಾಡಸಿದ್ದಪ್ಪ ದಾರ ಸುತ್ತಿ, ಗಂಟು ಹಾಕಿ, ಪೊಟ್ಟಣವನ್ನು ಅವಳ ಕೈಗಿಟ್ಟ.

“ಮಗಳು ಹೊಂಟೋಯ್ತಾಳೆ ಅಂತ ಕಣಮ್ಮ.”